ನೆಲಕ್ಕಿಳಿದ ತಂತಿ

ತಂಗಿ ತೀರಿಕೊಂಡ ಸುದ್ದಿ ಬಂದಾಗ ವೈರ್ ಮೇಷ್ಟ್ರು ಏಣಿಯ ಮೇಲಿದ್ದರು. ಒಂದು ಅಂಗಡಿಯಲ್ಲಿ ಫ್ಯಾನಿನ ಕೊಂಡಿ ಬಿಗಿಯುತ್ತಿದ್ದರು. ಕೆಳಗೆ ಯಾರೋ ಏದುಸಿರು ಬಿಡುವುದು ಕೇಳಿ ನೋಡಿದರೆ ತಂಗಿಯ ಗಂಡ. ಬೇಕರಿಯಲ್ಲಿ ಕೆಲಸ ಮಾಡುವ ಆತ ಸೊಂಟಕ್ಕೆ ಕಟ್ಟಿದ ಹಿಟ್ಟಿನ ಬಟ್ಟೆಯನ್ನೂ ಬಿಚ್ಚದೆ ಓಡಿಬಂದಿದ್ದ. "ಭಾವ, ಇಳೀರಿ" ಎಂದ, ಅಷ್ಟೆ. ಉಳಿದದ್ದನ್ನು ಆ ದನಿಯೇ ಹೇಳಿತು.

ಬೆಳಗಿನ ಹೊತ್ತು ಬಟ್ಟೆ ತೊಳೆಯುತ್ತಿದ್ದವಳು ನಲ್ಲಿಯ ಬುಡದಲ್ಲೇ ಬಿದ್ದಿದ್ದಳಂತೆ. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟರು. ಮೇಷ್ಟ್ರು ಪಕ್ಕದಲ್ಲಿ ಕುಳಿತು ತಂಗಿಯ ಬಲಗೈಯನ್ನು ಎತ್ತಿಕೊಂಡರು. ಅಂಗೈಯಲ್ಲಿ ಬೇಳೆಕಾಳಿನಷ್ಟು ಒಂದು ಬೂದುಬಣ್ಣದ ಕಲೆ ಇತ್ತು. ಶಾಲೆಯ ಸಮವಸ್ತ್ರ ಹೊಲಿದು, ಇಸ್ತ್ರಿ ಮಾಡಿ ಬದುಕಿದವಳು. ಇಸ್ತ್ರಿ ತಾಗಿರಬೇಕು ಎಂದು ನೋಡಿದವರು ಅಂದುಕೊಂಡರು. ನಲವತ್ತು ವರ್ಷ ವೈರಿಂಗ್ ಮಾಡಿ, ಹತ್ತಾರು ಜನಕ್ಕೆ ಆ ಕೆಲಸ ಕಲಿಸಿ 'ಮೇಷ್ಟ್ರು' ಎನ್ನಿಸಿಕೊಂಡವರಿಗೆ ಅದು ಕರೆಂಟು ಸುಟ್ಟ ಕಲೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ಆ ಕೈಯನ್ನು ಮೆಲ್ಲಗೆ ಮತ್ತೆ ಅವಳ ಎದೆಯ ಮೇಲಿಟ್ಟರು.

ತಂಗಿಯ ಮನೆಯಿದ್ದ ಎಂಟು ಮನೆಗಳ ಕಟ್ಟಡದಲ್ಲಿ ಆರು ತಿಂಗಳಿಂದ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತಿತ್ತು. ಅದಕ್ಕೆ ಎಲ್ಲರೂ ಒಗ್ಗಿಹೋಗಿದ್ದರು. ಒಬ್ಬರು ನಲ್ಲಿಯ ತಿರುಪಿಗೆ ಬಟ್ಟೆ ಸುತ್ತಿದ್ದರು. ಇನ್ನೊಬ್ಬರು ಬಚ್ಚಲಿಗೆ ಮರದ ಹಲಗೆ ಹಾಸಿದ್ದರು. ಉಳಿದವರಿಗೆ ರಬ್ಬರ್ ಚಪ್ಪಲಿ ಇತ್ತು. ತಂಗಿ ಅಣ್ಣನಿಗೆ ಹೇಳದೆ ಇರಲಿಲ್ಲ. "ಬೀದಿ ಪೈಪೆಲ್ಲ ಈಗ ಪ್ಲಾಸ್ಟಿಕ್ಕು ಕಣಮ್ಮ. ಪ್ಲಾಸ್ಟಿಕ್ಕಿಗೆ ಕರೆಂಟು ಹಿಡಿಯಲ್ಲ. ಚಪ್ಪಲಿ ಹಾಕ್ಕೊಂಡು ತೊಳಿ, ಸಾಕು" ಎಂದು ಮೇಷ್ಟ್ರು ಅವಸರದಲ್ಲಿ ಹೇಳಿ ಹೋಗಿದ್ದರು. ಎರಡನೆಯ ಸಲ ಅವಳು ದೂರಲಿಲ್ಲ. "ನಮ್ಮನೆ ನಲ್ಲಿ ನಿನ್ನ ಹಾಗೇ ಅಣ್ಣ, ಮುಟ್ಟಿದ್ರೆ ಸಿಡುಕುತ್ತೆ" ಎಂದು ನಕ್ಕಿದ್ದಳು. ಅವರೂ ನಕ್ಕಿದ್ದರು.

ದುಃಖದ ದಿನಗಳು ಕಳೆದ ಮೇಲೆ ಮೇಷ್ಟ್ರು ಟೆಸ್ಟರ್ ಹಿಡಿದು ಆ ಕಟ್ಟಡಕ್ಕೆ ಹೋದರು. ನಲ್ಲಿಗೆ ತಾಗಿಸಿದರೆ ದೀಪ ಹತ್ತಲಿಲ್ಲ. ಎಂಟು ಮನೆಯಲ್ಲೂ ಹತ್ತಲಿಲ್ಲ. ಅವಳು ಹೋದ ದಿನದಿಂದಲೇ ಜುಮ್ ಎನ್ನುವುದು ನಿಂತಿದೆ ಎಂದು ಮನೆಯವರು ಹೇಳಿದರು. ಎಲ್ಲೋ ಕರೆಂಟು ಸೋರಿಸುತ್ತಿದ್ದ ಯಂತ್ರವನ್ನು ಯಾರೋ ತೆಗೆದಿದ್ದಾರೆ, ಅಷ್ಟು ತಿಳಿಯಿತು. ಯಾರು ಎಂದು ತಿಳಿಯಲಿಲ್ಲ.

ಆಮೇಲೆ ಅವರು ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದರು. ಅಲ್ಲಿಂದ ಒಂದು ತಾಮ್ರದ ತಂತಿ ಇಳಿದು ನೀರಿನ ಕಬ್ಬಿಣದ ಪೈಪಿಗೆ ಬಿಗಿದಿತ್ತು. ಮೂವತ್ತು ವರ್ಷದ ಹಿಂದೆ ಕಟ್ಟಡ ಹೊಸದಾಗಿದ್ದಾಗ ಅದನ್ನು ಬಿಗಿದದ್ದು ಅವರದೇ ಕೈ. ಆಗ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಕಬ್ಬಿಣದ ಪೈಪು ಬೀದಿಯುದ್ದಕ್ಕೂ ಮಣ್ಣಿನಲ್ಲಿ ಹೂತಿತ್ತು. ಯಾವ ಮನೆಯಲ್ಲಿ ಕರೆಂಟು ಸೋರಿದರೂ ಅದರ ಮೂಲಕ ನೆಲಕ್ಕಿಳಿಯುತ್ತಿತ್ತು. ಬೀದಿಯ ಪೈಪು ಬದಲಿಸುವಾಗ ಗೇಟಿನ ಬಳಿಯೇ ಅದನ್ನು ಕತ್ತರಿಸಿ ಪ್ಲಾಸ್ಟಿಕ್ ಪೈಪಿಗೆ ಜೋಡಿಸಿದ್ದರು. ಅಂದರೆ ಸೋರಿದ ಕರೆಂಟಿಗೆ ಇಳಿಯಲು ದಾರಿ ಇಲ್ಲ. ಅದು ಕಟ್ಟಡದ ಒಳಗಿನ ಕಬ್ಬಿಣದಲ್ಲೇ, ಎಂಟು ಮನೆಯ ನಲ್ಲಿಗಳಲ್ಲೂ, ಒಂದು ಒದ್ದೆ ಕೈಗಾಗಿ ಕಾದು ಕೂತಿರುತ್ತದೆ. ಪ್ಲಾಸ್ಟಿಕ್ ಬಂತು, ಭಯ ಹೋಯಿತು ಎಂದು ತಂಗಿಗೆ ಹೇಳಿದ್ದರು. ಭಯ ಬಂದದ್ದೇ ಆಗ. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಮುಂದಿನ ರಜೆಯ ದಿನ ಸಂಜೆ ಅವರು ಎಂಟು ಮನೆಯವರನ್ನೂ ಮೆಟ್ಟಿಲ ಬಳಿ ಸೇರಿಸಿದರು. ನೆಲದಲ್ಲಿ ಗುಂಡಿ ತೋಡಿ, ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಹೊಸ ಅರ್ಥಿಂಗ್ ಹಾಕಬೇಕು. ಕಟ್ಟಡದ ಕಬ್ಬಿಣದ ಪೈಪನ್ನು ದಪ್ಪ ತಂತಿಯಿಂದ ಅದಕ್ಕೆ ಕಟ್ಟಬೇಕು. ಕರೆಂಟು ಸೋರಿದರೆ ತಾನಾಗಿ ಬಿದ್ದು ಕರೆಂಟು ಕಡಿಯುವ ಸ್ವಿಚ್ಚನ್ನು ಪ್ರತಿ ಮನೆಗೂ ಕೂರಿಸಬೇಕು ಎಂದು ಹೇಳಿದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲ್ಮನೆಯ ಅಜ್ಜಿ, ಆ ಜುಮ್ ಎನ್ನುವುದು ತನ್ನ ಮಂಡಿನೋವಿಗೆ ಒಳ್ಳೆಯದಾಗಿತ್ತು, ನಿಂತ ಮೇಲೆ ನೋವು ಮತ್ತೆ ಹೆಚ್ಚಿದೆ ಎಂದಳು. ಸೊಸೆ ಅವಳ ಸೆರಗು ಹಿಡಿದು ಜಗ್ಗಿದಳು. ಕೋರ್ಟಿನ ಕಚೇರಿಯಲ್ಲಿ ನಕಲು ಬರೆದು ನಿವೃತ್ತರಾದ ಗುಮಾಸ್ತರು ಮೊದಲನೆಯ ಮಹಡಿಯಲ್ಲಿದ್ದರು. ಅವರ ಮಾತಿಗೆ ಅಲ್ಲಿ ಬೆಲೆ ಇತ್ತು.

"ಈಗ ಜುಮ್ ಅನ್ನೋದು ನಿಂತೇ ಹೋಗಿದೆಯಲ್ಲ ಮೇಷ್ಟ್ರೇ" ಎಂದರು ಗುಮಾಸ್ತರು. "ನಿಂತದ್ದಕ್ಕೆ ನೆಲ ಅಗೆಯೋದು ಯಾಕೆ? ಮೂವತ್ತು ವರ್ಷ ಏನೂ ಆಗಿರಲಿಲ್ಲ. ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ. ಆದ್ರೆ ಆಕೆ ಆಯುಷ್ಯ ಅಷ್ಟೇ ಇತ್ತು ಅಂತ ಸಮಾಧಾನ ಮಾಡ್ಕೋಬೇಕು."

ಹೌದೆನ್ನುವಂತೆ ಹಲವು ತಲೆಗಳು ಆಡಿದವು. ದೇವರನ್ನು ನಂಬಿದ ಮೇಷ್ಟ್ರಿಗೆ ಆ ಮಾತು ಹಿಂದೆ ಎಷ್ಟೋ ಸಾವಿನ ಮನೆಗಳಲ್ಲಿ ತಾವೇ ಆಡಿದ ಮಾತಾಗಿತ್ತು.

"ಆಯುಷ್ಯ ಕೊಟ್ಟಿದ್ದು ದೇವರು. ಈ ತಂತಿ ಕಟ್ಟಿದ್ದು ನಾನು" ಎಂದರು ಅವರು. "ಕಟ್ಟಿದಾಗ ಸರಿಯಾಗೇ ಇತ್ತು. ಬೀದಿ ಪೈಪು ಬದಲಾದಾಗ ಬಂದು ನೋಡಬೇಕಿತ್ತು, ನೋಡಲಿಲ್ಲ. ಅವಳು ಹೇಳಿದಾಗ್ಲೂ ಬರಲಿಲ್ಲ. ನನ್ನ ತಪ್ಪನ್ನ ದೇವರ ತಲೆಗೆ ಕಟ್ಟಿ ನಾನು ಯಾವ ಮುಖ ಇಟ್ಕೊಂಡು ಕೈ ಮುಗೀಲಿ? ಇವತ್ತು ಸೋರ್ತಾ ಇಲ್ಲ, ನಿಜ. ನಾಳೆ ಇನ್ಯಾರದೋ ಮನೇಲಿ ಇನ್ನೊಂದು ಕೆಡುತ್ತೆ. ಆಗ ನಲ್ಲಿ ಹತ್ರ ಯಾರು ನಿಂತಿರ್ತಾರೋ, ಯಾರಿಗೆ ಗೊತ್ತು?"

ಗುಮಾಸ್ತರು ಎದ್ದು, ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದರು. ಅವರಿಗೆ ಕೋಪ ಬಂತು, ಇನ್ನು ಕೆಲಸ ಕೆಟ್ಟಿತು ಎಂದೇ ಎಲ್ಲರೂ ಎಣಿಸಿದರು. ಆದರೆ ಐದು ನಿಮಿಷದಲ್ಲಿ ಅವರು ಹಾಸಿಗೆಯ ಹೊದಿಕೆಯಲ್ಲಿ ಏನನ್ನೋ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿ ಇಳಿದು ಬಂದರು. ಕೆಳಗಿಟ್ಟು ಬಿಚ್ಚಿದರು. ನೀರು ಕಾಯಿಸುವ ಒಂದು ಸಣ್ಣ ಗೀಜರ್. ಅದರ ತಳ ತುಕ್ಕು ಹಿಡಿದು ಒಡೆದಿತ್ತು.

"ಇದು ನಮ್ಮನೇದು. ಅವತ್ತು ಬೆಳಿಗ್ಗೆ ಸ್ನಾನಕ್ಕೆ ಹಾಕಿದ್ದೆ" ಎಂದರು. ಅವರ ಕಣ್ಣು ಎದುರು ನಿಂತಿದ್ದ ಮೇಷ್ಟ್ರ ತಂಗಿಯ ಗಂಡನ, ಆ ಬೇಕರಿಯವನ, ಕಾಲಿನ ಮೇಲಿತ್ತು. "ಅವಳು ಬಿದ್ದಳು ಅಂದ ತಕ್ಷಣ ಬಿಚ್ಚಿ ಮಂಚದ ಕೆಳಗೆ ಇಟ್ಟೆ. ಕೊಂದೋನು ಅಂತ ಕರೀತೀರಿ ಅಂತ ಹೆದರಿದ್ದೆ. ಅದರ ಮೇಲೇ ಮಲಗ್ತಾ ಇದೀನಿ ಇಷ್ಟು ದಿನ. ಮಲಗ್ತೀನಿ ಅನ್ನೋದು ಹೆಸರಿಗೆ."

ಬೇಕರಿಯವನು ಆ ಗೀಜರನ್ನೇ ನೋಡುತ್ತ ನಿಂತ. ದಿನವೂ ಮಣಗಟ್ಟಲೆ ಹಿಟ್ಟು ನಾದುವ ಅವನ ಕೈಗಳು ಮುಷ್ಟಿಯಾದವು.

"ಯಂತ್ರ ಅಂದ ಮೇಲೆ ಕೆಡುತ್ತೆ" ಎಂದರು ಮೇಷ್ಟ್ರು. "ಸೋರಿದ್ದಕ್ಕೆ ಒಂದು ದಾರಿ ಇಟ್ಟಿದ್ರೆ ಅವಳು ಇವತ್ತು ಇಲ್ಲೇ ನಿಂತಿರ್ತಿದ್ದಳು. ಆ ದಾರಿ ಮುಚ್ಚಿದ್ರೂ ಸುಮ್ಮನಿದ್ದವರಲ್ಲಿ ನಾನೇ ಮೊದಲನೆಯವನು."

ಬೇಕರಿಯವನ ಮುಷ್ಟಿ ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಗುಂಡಿ ಎಲ್ಲಿ ತೋಡಬೇಕು ಭಾವ?"

ಮರುದಿನವೇ ಅಗೆತ ಶುರುವಾಯಿತು. ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಗುದ್ದಲಿ ಹಿಡಿದು ಬಂದರು. ಅವರು ಅಗೆಯುವ ರೀತಿ ನೋಡಿ ಅಜ್ಜಿ, ಇದು ಗುಂಡಿಯೋ ಅರ್ಜಿಯೋ, ಇಷ್ಟು ನಿಧಾನಕ್ಕೆ ಬರೆಯುತ್ತೀರಲ್ಲ ಎಂದು ಮೇಲಿನಿಂದಲೇ ಹಂಗಿಸಿದಳು. ತಂಗಿ ಹೋದ ಮೇಲೆ ಆ ಮೆಟ್ಟಿಲುಗಳಲ್ಲಿ ಮೊದಲ ಸಲ ನಗೆ ಕೇಳಿಸಿತು. ಎದೆಮಟ್ಟದ ಗುಂಡಿಯ ತಳಕ್ಕೆ ತಾಮ್ರದ ಸರಳು ಬಡಿದು ಇಳಿಸಿದರು. ಅಲ್ಲಿಂದ ಹಸಿರು ತಂತಿಯೊಂದು ಮೀಟರ್ ಪೆಟ್ಟಿಗೆಗೆ ಬಂತು. ಪೆಟ್ಟಿಗೆಯಿಂದ ಇನ್ನೊಂದು ತಂತಿ ಕಬ್ಬಿಣದ ಪೈಪಿಗೆ ಹೋಯಿತು. ಪೈಪಿನ ತುಕ್ಕನ್ನು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಮೇಷ್ಟ್ರು ಅಲ್ಲಿ ಹೊಸ ಪಟ್ಟಿ ಬಿಗಿದರು. ಬಿಗಿದ ಮೇಲೆ ಮತ್ತೊಂದು ಸಲ ಬಿಗಿದರು. ಎಲ್ಲ ಮುಗಿದಾಗ ಒಂದೊಂದು ಮನೆಯಲ್ಲೂ ಬೇಕೆಂದೇ ಸ್ವಲ್ಪ ಕರೆಂಟನ್ನು ಅರ್ಥಿಂಗಿಗೆ ಸೋರಿಸಿ ನೋಡಿದರು. ಎಂಟು ಸ್ವಿಚ್ಚುಗಳೂ ಟಪ್ ಎಂದು ಬಿದ್ದವು.

ಮೂರು ತಿಂಗಳು ಹೋಯಿತು. ಒಂದು ಬೆಳಿಗ್ಗೆ ಮೇಷ್ಟ್ರು ತಂಗಿಯ ಗಂಡನನ್ನು ನೋಡಲು ಬಂದು ಇನ್ನೂ ಗೇಟು ದಾಟಿರಲಿಲ್ಲ. ಅಜ್ಜಿ ಮೇಲಿನಿಂದ ಬಗ್ಗಿ ಕೂಗಿದಳು.

"ಮೇಷ್ಟ್ರೇ, ನಿಮ್ಮ ಸ್ವಿಚ್ಚಿಗೆ ಬುದ್ಧಿ ಇಲ್ಲ. ಹಾಕಿದ್ರೆ ಬೀಳುತ್ತೆ, ಹಾಕಿದ್ರೆ ಬೀಳುತ್ತೆ. ಸೊಸೆ ಬಟ್ಟೆ ಅರ್ಧಕ್ಕೆ ನಿಂತಿದೆ."

ಅರವತ್ತು ದಾಟಿದ ಮೇಷ್ಟ್ರು ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದರು. ಬಟ್ಟೆ ತೊಳೆಯುವ ಯಂತ್ರದ ಪ್ಲಗ್ ಕಿತ್ತು, ಹಿಂಬದಿಯ ಮುಚ್ಚಳ ತೆಗೆದರು. ಇಲಿ ತಂತಿಯ ಸಿಪ್ಪೆಯನ್ನು ಕಡಿದಿತ್ತು. ಬರಿಯ ತಾಮ್ರ ಯಂತ್ರದ ತಗಡಿಗೆ ಒರಗಿ ನಿಂತಿತ್ತು.

"ಮೊದಲ ಸಲ ಬಿದ್ದಾಗ ನೀನು ಎಲ್ಲಿದ್ದೆ ಮಗಳೇ?" ಎಂದು ಸೊಸೆಯನ್ನು ಕೇಳಿದರು.

"ಇಲ್ಲೇ ಮಾವ. ಒಂದು ಕೈ ನಲ್ಲಿ ಮೇಲಿತ್ತು, ಇನ್ನೊಂದು ಕೈಲಿ ಒದ್ದೆ ಬಟ್ಟೆ ತೆಗೀತಿದ್ದೆ."

"ಕೈಗೆ ಏನಾದ್ರೂ ಅನ್ನಿಸ್ತಾ?"

"ಏನೂ ಇಲ್ಲ. ಕರೆಂಟು ಹೋಯ್ತು, ಅಷ್ಟೆ."

ಮೇಷ್ಟ್ರು ಆ ಒದ್ದೆ ನೆಲದ ಮೇಲೇ ಕುಳಿತರು. ನಗುತ್ತಿದ್ದರೋ ಅಳುತ್ತಿದ್ದರೋ ಅಜ್ಜಿಗೆ ತಿಳಿಯಲಿಲ್ಲ. ಸ್ವಿಚ್ಚು ಬೀಳದಿದ್ದರೆ ಏನಾಗುತ್ತಿತ್ತೆಂದು ಅವರು ಬಿಡಿಸಿ ಹೇಳಿದಾಗ ಅವಳು ಸೊಸೆಯ ಎರಡು ಕೈಗಳನ್ನೂ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಕೆನ್ನೆಗೆ ಒತ್ತಿಕೊಂಡಳು. ಸುದ್ದಿ ಒಂದೊಂದೇ ಮಹಡಿ ಇಳಿಯಿತು. ಕರೆಂಟು ಹೋದದ್ದಕ್ಕೆ ಜನ ಹೀಗೆ ಸಂತೋಷಪಟ್ಟದ್ದನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ. ಅದೇ ಮಧ್ಯಾಹ್ನ ಗುಮಾಸ್ತರು ತಮ್ಮ ದುಂಡಗಿನ ಅಕ್ಷರದಲ್ಲಿ ನಡೆದದ್ದನ್ನೆಲ್ಲ ಒಂದು ಪತ್ರವಾಗಿ ಬರೆದು, ಬೀದಿಯ ಮನೆಮನೆಗೂ ತಾವೇ ಒಯ್ದು ಓದಿ ಹೇಳಿದರು. ಸಂಜೆಯ ಹೊತ್ತಿಗೆ ಹನ್ನೊಂದು ಮನೆಯವರು ತಮ್ಮ ಪೈಪು ನೋಡಲು ಮೇಷ್ಟ್ರನ್ನು ಕರೆದಿದ್ದರು.

ಹೊರಡುವ ಮುನ್ನ ಮೇಷ್ಟ್ರು ಬೇಕರಿಯವನ ಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೈ ಜೋಡಿಸಿದರು. ಆತನೂ ಪಕ್ಕಕ್ಕೆ ಬಂದು ನಿಂತ.

"ತಂದೆಯೇ, ಇವತ್ತು ಇಲ್ಲಿ ಒಂದು ಜೀವ ಉಳಿಯಿತು. ಅದರಲ್ಲಿ ಏನಾದರೂ ಪುಣ್ಯ ಇದ್ದರೆ ನನಗೆ ಬೇಡ, ನನ್ನ ತಂಗಿಗೆ ಸೇರಿಸು. ದುಡಿದು ದಣಿದ ಮಗು ಅದು. ನಿನ್ನ ಪಾದದ ನೆರಳಲ್ಲಿ ಅವಳನ್ನು ತಣ್ಣಗೆ ಇಟ್ಟುಕೋ."