ಹೆಸರು ಹೇಳದ ಎಲೆ

ಬಾಳೆಲೆ ಒರೆಸಿದಷ್ಟೂ ಒದ್ದೆ, ಈ ಬಟ್ಟೆಯೇ ನೆಂದುಹೋಗಿದೆ, ಬೇರೆ ತರಬೇಕು ಎಂದು ಎದ್ದ ಕೀರ್ತನ ಕಿಟಕಿಯ ಹತ್ತಿರ ನಿಂತುಬಿಟ್ಟಳು, ಬಟ್ಟೆ ಮರೆತೇಹೋಯಿತು, ಕಿಟಕಿಯ ಕಟ್ಟೆಯ ಮೇಲೆ ಫೋನು, ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ — ಗಂಡ ಅಂಜನ್‌ಗೆ ಕಳಿಸಿದ ಮೆಸೇಜುಗಳು ಒಂದರ ಕೆಳಗೊಂದು ಬಿದ್ದಿವೆ, ಊಟ ಆಯ್ತಾ, ಎಲ್ಲಿದ್ದೀರ, ಒಂದು ಸಲ ಮಾತಾಡಿ ಸಾಕು, ಯಾವುದೂ ಅವನನ್ನು ಮುಟ್ಟಿಲ್ಲ. ಬೋರ್‌ವೆಲ್ ಲಾರಿಯ ಕೆಲಸಕ್ಕೆ ಆಫ್ರಿಕಾಕ್ಕೆ ಹೋದವನು, ಅಲ್ಲೂ ನೆಲದಡಿಯ ನೀರೇ ಕಣೇ, ಭಾಷೆ ಬೇರೆ ಅಷ್ಟೆ ಎಂದು ನಕ್ಕವನು. ಅಲ್ಲಿನ ಚುನಾವಣೆಯ ಮರುದಿನ ಫೋನ್ ಮಾಡಿದಾಗ ಇಲ್ಲಿ ಗಲಾಟೆ ಶುರುವಾಗಿದೆ ಎಂದ, ಹಿಂದೆ ಏನೋ ಸದ್ದು, ತಡಿ ಒಂದ್ನಿಮಿಷ ಎಂದ, ಅಷ್ಟೇ — ಆ ದೇಶದ ಸರ್ಕಾರ ಇಂಟರ್ನೆಟ್ಟು, ಫೋನು ಎಲ್ಲವನ್ನೂ ನಿಲ್ಲಿಸಿತಂತೆ, ತಿಳಿದದ್ದು ಟೀವಿಯಿಂದ, ಕೆಳಗೆ ಓಡುವ ಅಕ್ಷರಗಳಲ್ಲಿ, ಚಿನ್ನದ ಬೆಲೆಯ ಪಕ್ಕದಲ್ಲಿ. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ, ಇಡೀ ದೇಶದ ಬಾಯಿ ಹಾಗೆ ಮುಚ್ಚಿಸೋಕಾಗುತ್ತಾ ಎಂದು ಹೊಸಕೋಟೆಯ ಮೊಬೈಲ್ ಅಂಗಡಿಯ ವಸಂತ್‌ನನ್ನು ಕೇಳಿದ್ದಳು, ಆಗುತ್ತಕ್ಕ, ಕಂಪ್ನಿಯೋರಿಗೆ ಒಂದು ಆರ್ಡರ್ ಹೋದ್ರೆ ಮುಗೀತು, ನಮ್ ದೇಶ್ದಲ್ಲೇ ಎಷ್ಟು ಕಡೆ ಮಾಡಿಲ್ಲ — ಯಾರದೋ ಫೋನಿಗೆ ಗಾಜು ಅಂಟಿಸುತ್ತ, ಗುಳ್ಳೆ ಏಳದ ಹಾಗೆ ಹೆಬ್ಬೆರಳಲ್ಲಿ ಒತ್ತುತ್ತ ಹೇಳಿದ. ಹೊಡೆದುಬಿಡಬೇಕು ಅನ್ನಿಸಿತ್ತು, ಪಾಪ, ಅವನೇನು ಮಾಡಿಯಾನು. ಕೆಲಸ ಕೊಡಿಸಿದ ಅನಿಲ್‌ಕುಮಾರ್ ಈಗೀಗ ಫೋನ್ ಎತ್ತುವುದಿಲ್ಲ, ಎತ್ತಿದರೆ ಏನೂ ಆಗಿರಲ್ಲಮ್ಮ ಎನ್ನುತ್ತಾನೆ, ಆಗಿಲ್ಲ ಎಂದು ಅವನಿಗೆ ಹೇಗೆ ಗೊತ್ತು, ಆಗಿದೆ ಎಂದು ತನಗಾದರೂ ಹೇಗೆ ಗೊತ್ತು. ಕೊಲ್ಲುವವರು ಕೊಲ್ಲಲಿ, ಸತ್ತವರ ಹೆಸರಾದರೂ ಹೊರಗೆ ಬರಬಾರದೇ — ಥೂ, ಏನು ಯೋಚನೆ ಇದು, ಹಬ್ಬದ ದಿನ.

ಹಬ್ಬ ಹಿರಿಯರದು, ಮಹಾಲಯ ಅಮಾವಾಸ್ಯೆ, ಗೋಡೆಗೆ ಒರಗಿಸಿದ ಫೋಟೋಗಳ ಮುಂದೆ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ, ಮಾವ ಚಿಕ್ಕಬೀರಪ್ಪನಿಗೆ ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಮಾವನ ತಾಯಿಗೆ ಕಜ್ಜಾಯ, ಎಲೆಅಡಿಕೆ. ಅತ್ತೆ ಮುನಿರತ್ನಮ್ಮ ಬೆಳಿಗ್ಗೆ ಒಲೆಯ ಮುಂದೆ ಕೂತು, ತಲೆಯೆತ್ತದೆ ಹೇಳಿದ್ದರು, ಇನ್ನೊಂದೆಲೆ ಇಡಮ್ಮ, ಹೆಸ್ರು ಹೇಳೋದ್ ಬ್ಯಾಡ. ಯಾರಿಗೆ ಅತ್ತೆ. ಸುಮ್ಕೆ ಇಡು. ಅರ್ಥವಾಗಿ ಕೀರ್ತನಳ ಕೈಯ ಸೌಟು ಬಿತ್ತು, ನಿಮ್ಮ ಮಗ ಬದುಕಿದ್ದಾರೆ ಎಂದು ಕೂಗಿದಳು, ಅತ್ತೆ ಕೂಗಲಿಲ್ಲ, ಬದುಕಿದ್ರೆ ಒಂದೆಲೆ ದಂಡ ಆಯ್ತದೆ ಅಷ್ಟೇ ಕಣವ್ವ, ಇಲ್ದಿದ್ರೆ ಎಲ್ರೂ ಉಣ್ಣೋದ್ ನೋಡ್ಕೊಂಡು ನನ್ ಮಗ ಬಾಗ್ಲಲ್ಲಿ ನಿಂತಿರ್ತಾನಲ್ಲ. ಬಾಗಿಲಲ್ಲಿ — ಅಲ್ಲಿಂದೀಚೆಗೆ ಅವನು ಬಾಗಿಲಲ್ಲೇ ನಿಂತಿದ್ದಾನೆ, ಮಣ್ಣು ಮೆತ್ತಿದ ಬೂಟು ಬಿಚ್ಚದೆ, ಬರಲಾ ಎಂದು ಕೇಳದೆ, ಕಾಯಿ ತುರಿಯುವಾಗ, ಒಗ್ಗರಣೆ ಹಾಕುವಾಗ, ಕಣ್ಣ ಕೊನೆಯಲ್ಲಿ ಅವನೇ, ತಿರುಗಿದರೆ ಇಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ತಾನೇ ಕೈಯಾರೆ ಕೊಂದ ಹಾಗೆ, ಇಡದಿದ್ದರೆ ಹಸಿದವನನ್ನು ಹೊರಗೆ ನಿಲ್ಲಿಸಿದ ಹಾಗೆ, ಯಾವ ದೇಶದ ಯಾವನೋ ದೊರೆ ಗುಂಡಿ ಒತ್ತಿ ಈ ಎಲೆಯನ್ನು ತನ್ನ ಕೈಗೆ ಕೊಟ್ಟಿದ್ದಾನೆ, ನೀನೇ ಹೇಳು, ಇದ್ದಾನೋ ಇಲ್ಲವೋ ಎಂದು. ಅವನಿಗೆ ಮುದ್ದೆ ಬಿಸಿಯಿರಬೇಕು, ಆರಿದರೆ ಮುಟ್ಟುವವನಲ್ಲ, ಇಲ್ಲಿ ಮುದ್ದೆಯೇ ಸಿಗಲ್ಲ ಕಣೇ ಎನ್ನುತ್ತಿದ್ದ — ಅವಳು ಮೂಲೆಯಲ್ಲಿ, ಫೋಟೋಗಳಿಂದ ದೂರ, ಯಾರ ಸಾಲಿಗೂ ಸೇರದ ಹಾಗೆ ಒಂದು ಎಲೆ ಹಾಸಿದಳು, ಮುದ್ದೆ ಇಟ್ಟಳು, ಬೆರಳು ಸುಟ್ಟಿತು. ಹೆಸರು ಹೇಳಲಿಲ್ಲ.

ಧೂಪ ಹಾಕಿ, ಕಿಟಕಿ ಬಾಗಿಲು ಎಳೆದುಕೊಂಡು ಇಬ್ಬರೂ ಜಗುಲಿಗೆ ಬಂದರು, ಹಿರಿಯರು ಬಂದು ಉಣ್ಣುವ ತನಕ ಒಳಗೆ ಇಣುಕಬಾರದು, ನಡುವೆ ಬಾಗಿಲು ತೆಗೆದರೆ ಹಸಿದೇ ಎದ್ದು ಹೋಗುತ್ತಾರೆ. ಬಿಸಿಲು, ಅನುಗೊಂಡನಹಳ್ಳಿಯ ಕಡೆಯಿಂದ ಟೊಮೆಟೊ ತುಂಬಿದ ಟೆಂಪೊ, ಬೆರಳಲ್ಲಿ ಉರಿ, ಒಳಗೆ ಯಾರೂ ಇಲ್ಲ, ಒಳಗೆ ಎಲ್ಲರೂ ಇದ್ದಾರೆ, ಮಾವ ಬೀಡಿ ಹಚ್ಚುತ್ತಿರಬೇಕು, ಮೂಲೆಯಲ್ಲಿ — ಇಲ್ಲ, ಕೂರಬೇಡಿ ರೀ, ಉಣ್ಣಬೇಡಿ, ಅದು ನಿಮಗಲ್ಲ, ಅದು ಯಾರಿಗೂ ಅಲ್ಲ — ಫೋನು, ಅಯ್ಯೋ, ಬೆರಳಿನ ಉರಿಯಲ್ಲಿ ಮರೆತು ಕಿಟಕಿಯಲ್ಲೇ ಬಿಟ್ಟು ಬಂದೆನಲ್ಲ, ಮುಚ್ಚಿದ ಬಾಗಿಲ ಹಿಂದೆ ಬಡಿದುಕೊಳ್ಳುತ್ತಿದೆ, ಅವನಿಗೆಂದೇ ಬೇರೆ ಇಟ್ಟಿದ್ದ ಸದ್ದು, ಇನ್ಯಾರು ಮಾಡಿದರೂ ಬರದ ಸದ್ದು. ಬಾಗ್ಲು ತೆಗಿಯಮ್ಮ, ಮುನಿರತ್ನಮ್ಮ ಅವಳ ತೋಳು ಹಿಡಿದು ಅಲುಗಿಸುತ್ತಿದ್ದಾರೆ, ಹಿರೀಕ್ರು ಎದ್ದೋದ್ರೆ ಹೋಗ್ಲಿ, ನನ್ ಮಗ ಕಣವ್ವ, ತೆಗಿ. ಚಿಲಕದ ಮೇಲೆ ಕೈ ಇದೆ, ಕೈ ಮಿಸುಕುತ್ತಿಲ್ಲ, ನಂಬರು ಅವನದೇ, ದನಿ ಯಾರದು, ಅವನ ಫೋನು ಯಾರ ಕೈಯಲ್ಲಿ, ಬಾಗಿಲು ಮುಚ್ಚಿರುವ ತನಕ ಅವನು ಇದ್ದಾನೆ, ತೆಗೆದರೆ — ಸದ್ದು ಇನ್ನೂ ಆಗುತ್ತಿದೆ, ಮೂಲೆಯಲ್ಲಿ ಎಲೆ, ತಾನೇ ಹಾಸಿದ ಎಲೆ, ಅದರ ಮೇಲೆ ಮುದ್ದೆ, ಮುರಿದಿದೆಯೋ, ಹಾಗೇ ಇದೆಯೋ, ಮುದ್ದೆ, ಮುರಿದಿದೆಯೋ —