ಅಳಿವೆ ಕಡಿದ ದಿನ

ನನ್ನ ತಮ್ಮ ಹೆಗಲ ಮೇಲೆ ಹಾರೆ ಇಟ್ಟುಕೊಂಡು, ಹಿಂದೆ ಒಂದು ಗುಂಪು ಕಟ್ಟಿಕೊಂಡು ಬಂದಾಗ ನಾನು ಅಮ್ಮನ ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಅವನು ನನ್ನ ಮನೆ ಕಡೆ ಬಂದು ಎಷ್ಟೋ ವರ್ಷವಾಗಿತ್ತು. ಬಂದದ್ದು ನನ್ನನ್ನು ನೋಡುವುದಕ್ಕಲ್ಲ ಎಂದು ಆ ಹಾರೆ ನೋಡಿದ ಕೂಡಲೇ ಗೊತ್ತಾಯಿತು.

ಬಿರುಗಾಳಿ ಹಿಂದಿನ ದಿನವಷ್ಟೇ ನಿಂತಿತ್ತು. ನಿಲ್ಲುವ ಮೊದಲು ಸಮುದ್ರದ ತಳದ ಮರಳನ್ನೆಲ್ಲ ಬಾಚಿ ತಂದು ಅಳಿವೆಯ ಬಾಯಿಗೆ ತುರುಕಿತ್ತು. ಮೇಲಿನಿಂದ ಹೊಳೆ ಕೆಂಪಗೆ ಉಕ್ಕಿ ಬರುತ್ತಿದೆ, ಸಮುದ್ರ ಸೇರುವ ದಾರಿಗೆ ಬಿರಡೆ ಬಿದ್ದಿದೆ. ನೀರು ಎಲ್ಲಿಗೆ ಹೋಗಬೇಕು? ತಗ್ಗಿನ ಬೀದಿಗೆ ನುಗ್ಗಿತು. ಬಾಗಿಲು ಕಿತ್ತಿತು, ಅಂಗಡಿಗಳ ಶಟರ್ ಮುರಿಯಿತು, ಕಟ್ಟಿಹಾಕಿದ ದನಗಳನ್ನು ಕಟ್ಟಿದಲ್ಲೇ ಮುಳುಗಿಸಿತು. ತಮ್ಮನ ಮನೆ ಆ ಬೀದಿಯಲ್ಲಿ. ಅಮ್ಮ ಅವನ ಜೊತೆಗೇ ಇದ್ದಳು.

ನನ್ನ ಮನೆ ಹೊಳೆಗೂ ಸಮುದ್ರಕ್ಕೂ ನಡುವೆ ಇರುವ ಮರಳ ದಿಬ್ಬದ ಮೇಲೆ. ಮನೆ ಕಟ್ಟುವಾಗ ತಮ್ಮ ಹೇಳಿದ್ದ, "ಸಮುದ್ರದ ಬಾಯಲ್ಲಿ ಮನೆ ಕಟ್ಟೋರ ಹೊಸ್ತಿಲು ನಾನು ತುಳಿಯಲ್ಲ." ಆಗ ನಮ್ಮ ಮುಂದೆ ಸಾಲುಸಾಲು ಮನೆಗಳಿದ್ದವು. ಸಮುದ್ರ ವರ್ಷ ವರ್ಷ ಮೇಲೇರಿ ಒಂದೊಂದೇ ಸಾಲನ್ನು ನುಂಗಿತು, ಈಗ ನಾವೇ ಮುಂದಿನ ಸಾಲು. ಅವನ ಮಾತು ಸುಳ್ಳಾಗಲಿಲ್ಲ, ಒಪ್ಪುತ್ತೇನೆ. ಆದರೆ ಸರಿಯಾದ ಮಾತನ್ನೂ ಕೆನ್ನೆಗೆ ಹೊಡೆದ ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಮೊಂಡ. ಆಡಿದ ಮಾತನ್ನು ಹಿಡಿದುಕೊಂಡೇ ಕೂತ. ಅಮ್ಮನನ್ನೂ ನನ್ನ ಮನೆಗೆ ಬರಲು ಬಿಡಲಿಲ್ಲ.

ಅವತ್ತು ಬೆಳಿಗ್ಗೆ ಅವನು ಅಮ್ಮನನ್ನು ಅಟ್ಟ ಹತ್ತಿಸಿ, ಜನ ಕೂಡಿಸಲು ಹೋಗಿದ್ದಾನೆ. ಅವನು ಅತ್ತ ಹೋದದ್ದೇ ತಡ, ಇತ್ತ ದೋಣಿಯವನೊಬ್ಬ ಬೀದಿಯಲ್ಲಿ ಬಂದಿದ್ದಾನೆ. ಅಮ್ಮ ಅಟ್ಟದ ಕಿಂಡಿಯಿಂದ ಕೈ ಬೀಸಿ, "ಮಗಳ ಮನೆಗೆ ಬಿಡಪ್ಪ" ಎಂದಿದ್ದಾಳೆ. ನಮ್ಮ ಮನೆ ತಲುಪುವಾಗ ಜ್ವರದಿಂದ ಮೈಯೆಲ್ಲ ಕೆಂಡವಾಗಿತ್ತು. ಬಿಸಿನೀರು ಕುಡಿದು ಒಳಕೋಣೆಯಲ್ಲಿ ಮಲಗಿದಳು.

"ತಮ್ಮನಿಗೆ ಹೇಳಿದ್ದೀಯಾ?" ಎಂದು ಕೇಳಿದೆ.

"ಹೇಳಿದ್ರೆ ಬಿಡ್ತಿದ್ನಾ?" ಎಂದು ಮಗ್ಗುಲಾದಳು.

ಅಳಿವೆ ಕಡಿಯುವುದು ನಮ್ಮ ಅಪ್ಪ ಮಾಡುತ್ತಿದ್ದ ಕೆಲಸ. ಅಪ್ಪನ ನಂತರ ತಮ್ಮನೇ ಅದರ ಮೇಸ್ತ್ರಿ. ಸಮುದ್ರ ಇಳಿಯುವ ಹೊತ್ತು ನೋಡಿ ಕಡಲ ಕಡೆಯಿಂದ ಹೊಳೆಯ ಕಡೆಗೆ ಕಾಲುವೆ ತೋಡುತ್ತಾ ಬರಬೇಕು. ಹೊಳೆಯ ಅಂಚಿನಲ್ಲಿ ಒಂದು ತುಂಡು ಮರಳನ್ನು ಕಡಿಯದೆ ಬಿಡಬೇಕು. ಅದಕ್ಕೆ ಕಟ್ಟೆ ಎನ್ನುತ್ತೇವೆ. ಎಲ್ಲರೂ ಮೇಲೆ ಹತ್ತಿದ ಮೇಲೆ ಮೇಸ್ತ್ರಿ ಪಕ್ಕದಲ್ಲಿ ನಿಂತು ಹಾರೆಯಿಂದ ಕಟ್ಟೆಗೆ ಒಂದು ತೂತು ಹಾಕುತ್ತಾನೆ, ಉಳಿದದ್ದನ್ನು ಹೊಳೆಯೇ ನೋಡಿಕೊಳ್ಳುತ್ತದೆ. ಕಟ್ಟೆಯನ್ನು ಯಾರೂ ತುಳಿಯಬಾರದು. "ಅದರ ಮೇಲೆ ನಿಂತು ಸೀನಲೂಬೇಡಿ" ಎನ್ನುತ್ತಿದ್ದರು ಅಪ್ಪ.

ಹಿಂದೆಲ್ಲ ಕಡಿಯುತ್ತಿದ್ದದ್ದು ದೂರದ ಕರಿಬಂಡೆಯ ಹತ್ತಿರ, ಅಲ್ಲಿ ಮನೆಗಳಿಲ್ಲ. ಈ ಸಲ ಬಂಡೆಯೇ ಮರಳಲ್ಲಿ ಹೂತುಹೋಗಿತ್ತು. ದಿಬ್ಬ ತೆಳ್ಳಗೆ ಉಳಿದಿದ್ದದ್ದು ನನ್ನ ಹಿತ್ತಲ ಗೋಡೆಯ ಪಕ್ಕದಲ್ಲಿ ಮಾತ್ರ.

ಅವರು ನನ್ನನ್ನು ಕೇಳದೆಯೇ ತೋಡಲು ಶುರುಮಾಡಿದರು. ನಾನು ಓಡಿದೆ.

"ಇಲ್ಲಿ ಕಡಿದ್ರೆ ನನ್ನ ಮನೆ ಹೋಗುತ್ತೆ ಕಣೋ."

"ಮನೆ ಹೋದ್ರೆ ಇನ್ನೊಂದು ಕಟ್ಕೋಬಹುದು. ಅಮ್ಮ ಅಟ್ಟದ ಮೇಲಿದ್ದಾಳೆ. ನೀರು ಆಗ್ಲೇ ಏಣಿ ಅರ್ಧಕ್ಕೆ ಬಂದಿದೆ. ಸಮುದ್ರ ಮತ್ತೆ ಏರಿದ್ರೆ ಅಟ್ಟಾನೂ ಇರಲ್ಲ."

"ಅಮ್ಮ ಅಟ್ಟದಲ್ಲಿಲ್ಲ. ನಮ್ಮನೇಲಿ ಮಲಗಿದ್ದಾಳೆ."

ಅವನು ನಕ್ಕ. "ನಾನೇ ಕೈ ಹಿಡಿದು ಹತ್ತಿಸಿ ಬಂದಿದ್ದೀನಿ ಅಕ್ಕ. ಸುಳ್ಳಿಗೂ ಒಂದು ತಲೆ ಬಾಲ ಬೇಡ್ವಾ?"

"ಹಿತ್ತಲ ಬಾಗಿಲು ಅಲ್ಲೇ ಇದೆಯಲ್ಲ. ಇಣುಕಿ ನೋಡೋಕೆ ನಿನಗೇನು ರೋಗ?"

"ನಿನ್ನ ಹೊಸ್ತಿಲು ತುಳಿಯಲ್ಲ ಅಂದಿದ್ದೀನಿ."

ನನ್ನ ಗಂಡ ದೋಣಿ ರಿಪೇರಿಯ ಬಡಗಿ, ಜಗಳ ಎಂದರೆ ಮೈಲಿ ದೂರ ಇರುವವರು. ಕೂಗಾಡಿ ಕೂಗಾಡಿ ಸಾಕಾದ ಮೇಲೆ, ಅಮ್ಮನನ್ನು ಹೊತ್ತುಕೊಂಡು ಬನ್ನಿ ಎಂದು ಅವರನ್ನು ಒಳಗೆ ಕಳಿಸಿದೆ. ಅಷ್ಟರಲ್ಲಿ ಕಾಲುವೆ ಕಟ್ಟೆಯವರೆಗೆ ಬಂದಿತ್ತು. ತಮ್ಮನ ಗುಂಪಿನಲ್ಲಿದ್ದ ಕಮ್ಮಾರನ ಹೆಂಡತಿ ಮಕ್ಕಳು ತಗ್ಗಿನ ಬೀದಿಯ ಒಂದು ಛಾವಣಿಯ ಮೇಲೆ ಕೂತಿದ್ದರು. ಅವನಿಗೆ ತಡೆಯಲಾಗಲಿಲ್ಲ. ಎಲ್ಲರೂ ಮೇಲೆ ಬರುವ ಮೊದಲೇ ಕಟ್ಟೆಯ ಮೇಲೆ ಹಾರಿ ಗುದ್ದಲಿ ಎತ್ತಿದ.

ದಿಬ್ಬದ ಮೇಲಿನ ನಮ್ಮ ನೆರೆಯವರು ಹುಟ್ಟು, ದೊಣ್ಣೆ, ಸಿಕ್ಕಿದ್ದು ಹಿಡಿದು ಬಂದರು. ಮೊದಲ ಏಟು ಕಮ್ಮಾರನ ಬೆನ್ನಿಗೆ ಬಿತ್ತು. ಅವನು ತಿರುಗಿ ಬೀಸಿದ ಗುದ್ದಲಿ ಒಬ್ಬನ ಮೊಣಕೈಯ ಮೂಳೆ ಕಾಣುವ ಹಾಗೆ ಸೀಳಿತು. ಆಮೇಲೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯಲಿಲ್ಲ. ಹತ್ತಾರು ವರ್ಷ ಒಂದೇ ಬಲೆ ಎಳೆದ ಜನ ಒಬ್ಬರ ಬಾಯಿಗೆ ಒಬ್ಬರು ಮರಳು ತುಂಬುತ್ತಿದ್ದರು. ಒಬ್ಬನ ಹಲ್ಲು ನನ್ನ ಕಾಲ ಹತ್ತಿರ ಬಿತ್ತು. ನಾನೂ ನುಗ್ಗಿದೆ. ಕಮ್ಮಾರ ನನ್ನ ಜುಟ್ಟು ಹಿಡಿದು ಎಳೆದ, ನಾನು ಅವನ ಕೈಯನ್ನು ರಕ್ತ ಬರುವ ತನಕ ಕಚ್ಚಿದೆ.

ಆಗ ತಮ್ಮ ಕಾಲುವೆಯಿಂದ ಹತ್ತಿ ಬಂದ. ಬಂದವನು ತನ್ನ ಕಡೆಯ ಕಮ್ಮಾರನಿಗೇ ಕಪಾಳಕ್ಕೆ ಬಾರಿಸಿದ.

"ನನ್ನ ಅಕ್ಕನ ಮೇಲೆ ಕೈ ಹಾಕ್ತೀಯಾ?"

ನಮ್ಮಿಬ್ಬರ ಜಗಳ ನಮ್ಮಿಬ್ಬರಿಗೇ, ಮೂರನೆಯವರಿಗೆ ಅದರಲ್ಲಿ ಪಾಲಿಲ್ಲ ಎಂಬಂತಿತ್ತು ಅವನ ಮುಖ. ನನಗೆ ಆ ಹೊಡೆದಾಟದ ನಡುವೆಯೂ ಹೊಟ್ಟೆಯಲ್ಲಿ ಬೆಣ್ಣೆ ಕರಗಿದ ಹಾಗಾಯಿತು.

"ಎಲ್ರೂ ಇಳೀರಿ. ಕಟ್ಟೆ ಬೆವರ್ತಾ ಇದೆ, ಕಾಣಲ್ವಾ?" ಎಂದ.

ನೋಡಿದರೆ ನಿಜ. ನಾವೆಲ್ಲ ತುಳಿದು ತುಳಿದು ಕಟ್ಟೆ ತಗ್ಗಿತ್ತು, ಕಾಲುವೆಯ ಕಡೆಗೆ ಸಣ್ಣಗೆ ನೀರು ಜಿನುಗುತ್ತಿತ್ತು. ಅವನು ನನ್ನನ್ನು ಅನಾಮತ್ತಾಗಿ ಎತ್ತಿ ನನ್ನ ಮನೆಯ ಕಡೆಗೆ ಎಸೆದ. ಮಿಕ್ಕವರ ಕೊರಳಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ದೂಡಿದ. ಕೊನೆಗೆ ತಾನೂ ಆಚೆ ದಡಕ್ಕೆ ಹಾರಿ, ಹಾರೆ ಕೈಗೆತ್ತಿಕೊಂಡ. ನಡುವೆ ಖಾಲಿ ಕಟ್ಟೆ.

ನನ್ನ ಗಂಡ ಹಿತ್ತಲ ಬಾಗಿಲಿನಿಂದ ಹೊರಗೆ ಬಂದದ್ದು ಆಗಲೇ. ಬೆನ್ನ ಮೇಲೆ ಕಂಬಳಿ ಹೊದ್ದ ಅಮ್ಮ.

ತಮ್ಮ ತಲೆ ಎತ್ತಿದ. ಹಾರೆ ಕೈಯಿಂದ ಜಾರಿತು. ಚಿಕ್ಕಂದಿನಲ್ಲಿ ಜಾತ್ರೆಯ ಗದ್ದಲದಲ್ಲಿ ಕಳೆದುಹೋದವನು ಅಮ್ಮನನ್ನು ಕಂಡಾಗ ಇಂಥದೇ ಮುಖ ಮಾಡಿದ್ದ. "ಅಮ್ಮ" ಎಂದು ಓಡಿದ. ಕಡಲ ಕಡೆಯಿಂದ ಸುತ್ತುಬಳಸಿ ಬರಲು ಬೇರೆ ದಾರಿಯಿತ್ತು. ಅವನು ನೇರವಾಗಿ ಓಡಿದ.

ಕಟ್ಟೆ ಅವನ ಕಾಲಡಿಯಲ್ಲೇ ಬಾಯಿ ಬಿಟ್ಟಿತು. ಸದ್ದು ಆಮೇಲೆ ಬಂತು. ಕೆಂಪು ನೀರು ಎದ್ದು ನಿಂತು ಅವನನ್ನು ಕಾಲುವೆಯೊಳಗೆ ಬಡಿಯಿತು, ಒಮ್ಮೆ ಕೈ ಕಂಡಿತು, ಮತ್ತೊಮ್ಮೆ ಬೆನ್ನು. ಎರಡೂ ಕಡೆಯ ದಡ ಗೋಡೆ ಗೋಡೆಯಾಗಿ ಅವನ ಮೇಲೆ ಬಿತ್ತು. ನನ್ನ ಗಂಡ ಎಸೆದ ಹಗ್ಗ ನೀರಿನ ಮೇಲೆ ಖಾಲಿಯಾಗಿ ಕುಣಿಯಿತು. ಕಮ್ಮಾರ ಹುಚ್ಚನ ಹಾಗೆ ದಡದುದ್ದಕ್ಕೂ ಸಮುದ್ರದವರೆಗೆ ಓಡಿದ. ಅಮ್ಮನನ್ನು ಎಳೆದುಕೊಂಡು ನಾವು ಹಿಂದೆ ಸರಿಯುವಷ್ಟರಲ್ಲಿ ನನ್ನ ಅಡುಗೆಮನೆ ಬಿತ್ತು, ಆಮೇಲೆ ಒಳಕೋಣೆ, ಆಮೇಲೆ ಉಳಿದದ್ದು. ನಾನು ಅದರ ಕಡೆ ನೋಡಲೂ ಇಲ್ಲ.

ಸಂಜೆಯೊಳಗೆ ತಗ್ಗಿನ ಬೀದಿಯ ನೀರು ಪಾದಕ್ಕಿಳಿಯಿತು. ಕಮ್ಮಾರನ ಹೆಂಡತಿ ಮಕ್ಕಳು ಛಾವಣಿಯಿಂದ ಇಳಿದರು. ಸಮುದ್ರ ತಮ್ಮನನ್ನು ಹಿಂದಕ್ಕೆ ಕೊಡಲಿಲ್ಲ.

ಈಗ ನಾವು ಅವನ ಮನೆಯಲ್ಲೇ ಇದ್ದೇವೆ. ಬಂದವರೆಲ್ಲ, ಊರು ಉಳಿಸಲು ಪ್ರಾಣ ಕೊಟ್ಟ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅವನ ಮೇಲೂ ಸಿಟ್ಟು, ಒಂದು ಬಾಗಿಲು ಇಣುಕಲಾರದೆ ಹೋದನಲ್ಲ ಎಂದು. ಮೊನ್ನೆ ನಾನು ಅಮ್ಮನ ತಲೆ ಬಾಚುತ್ತಿದ್ದಾಗ ಅವಳು ತಾನಾಗಿಯೇ ಹೇಳಿದಳು.

"ನಾನೂ ಮೇಸ್ತ್ರಿ ಹೆಂಡತಿ. ಕಟ್ಟೆ ತುಳೀಬೇಡ, ಸುತ್ತಿ ಬಾ ಅಂತ ಕೂಗಬೇಕಿತ್ತು. ಮಗ ಬರ್ತಿದ್ದಾನೆ ಅಂತ ಎರಡೂ ಕೈ ಚಾಚಿಬಿಟ್ಟೆ."