ಎರಡು ಚಾನೆಲ್ಲುಗಳ ಒಂದೇ ಮೈಕು

ಫಕ್ಕೀರೇಶ ನನ್ನ ತಲೆಯ ಸ್ಪಂಜಿನ ಟೊಪ್ಪಿಗೆ ಕಿತ್ತು, ಬಕೆಟ್ಟಿನಲ್ಲಿ ಅದ್ದಿ ಅದ್ದಿ ಹಿಂಡುತ್ತಿದ್ದ. ನೊರೆ ಕಪ್ಪಗೆ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಅನಸೂಯಾ ಅಲ್ಲಿಂದಲೇ ನೋಡಿ, "ಆ ಲೀಡರಗೋಳ ಉಗುಳು ತೊಳ್ಯಾಕ ನನ್ನ ಸಬಕಾರನ ಬೇಕಾಗಿತ್ತೇನ್ರೀ?" ಎಂದಳು.

"ಎರಡೂ ಪಕ್ಷದ್ದು ಐತಿ ಇದರಾಗ. ಒಂದ ನೀರಿನಾಗ ಹೊಂಟೈತಿ ನೋಡು," ಎಂದ ಅವನು. ನಗಲಿಲ್ಲ. ಆ ದಿನಗಳಲ್ಲಿ ಅವನಿಗೆ ನಗು ಬರುತ್ತಿರಲಿಲ್ಲ.

ನಾನು ಒಂದು ಮೈಕು. ಹುಟ್ಟಿದ ಕಾರ್ಖಾನೆಯ ಹೆಸರು ಮೈಮೇಲಿತ್ತು, ಕೈಬೆವರಿಗೆ ಅಳಿಸಿಹೋಯಿತು. ನೆನಪಿರುವುದಿಷ್ಟು: ಯಾರೋ ಹೆಣ್ಣುಮಗಳೊಬ್ಬಳು ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗಿನ ಪೊರೆಯೊಂದನ್ನು ನನ್ನೊಳಗೆ ಕೂರಿಸಿದಳು. ಮೇಲೆ ಜಾಳಿಗೆ ತಿರುಗಿಸಿ, "ಹಲೋ" ಅಂದಳು. ಪೊರೆ ನಡುಗಿತು. ಅಂದಿನಿಂದ ನಡುಗುವುದೇ ನನ್ನ ಕಸುಬು. ಬಂದ ಮಾತನ್ನು ಬಂದ ಹಾಗೆ ತಂತಿಗೆ ಒಪ್ಪಿಸುತ್ತೇನೆ. ಆಮೇಲೆ ಅದು ಏನಾಗುತ್ತದೋ ನನ್ನ ಕೈಯಲ್ಲಿಲ್ಲ.

ಮೊದಲು ಹುಬ್ಬಳ್ಳಿಯ ಮದುವೆ ಆರ್ಕೆಸ್ಟ್ರಾದ ಹಾಡುಗಾರನ ಹತ್ತಿರ ಇದ್ದೆ. ತುಟಿಗೆ ಹಚ್ಚಿಕೊಂಡು ಹಾಡುತ್ತಿದ್ದ. ಬೀಗರನ್ನು ಊಟಕ್ಕೆ ಕರೆಯುವುದಕ್ಕೂ ನಾನೇ. ಅವನ ಗಂಟಲು ಕೆಟ್ಟ ಮೇಲೆ ಗದಗಿನ ಫಕ್ಕೀರೇಶನ ಕೈಗೆ ಬಂದೆ.

ಫಕ್ಕೀರೇಶ ಟಿವಿಗೆ ಸುದ್ದಿ ಕಳಿಸುವವ. ಕಳಿಸಿದ ಸುದ್ದಿಗಷ್ಟೇ ಕೂಲಿ. ಒಂದೇ ಚಾನೆಲ್ಲಿನಿಂದ ಮನೆ ನಡೆಯದು, ಅದಕ್ಕೆ ಎರಡು ಹಿಡಿದಿದ್ದ. ಒಂದರ ವಿಷಯ ಇನ್ನೊಂದಕ್ಕೆ ತಿಳಿಯದಂತೆ ನೋಡಿಕೊಂಡಿದ್ದ. ನೀಲಿ ಡಬ್ಬಿ ಒಂದು, ಕೆಂಪು ಡಬ್ಬಿ ಒಂದು. ನಡುವೆ ತೂತಿರುವ ಆ ಡಬ್ಬಿಗಳ ನಾಲ್ಕೂ ಮಗ್ಗುಲಿಗೆ ಚಾನೆಲ್ಲಿನ ಹೆಸರು. ಕೊರಳಿಗೆ ನೀಲಿ ಏರಿಸಿದರೆ ನಾನು ನೀಲಿಯವನು, ಕೆಂಪು ಏರಿಸಿದರೆ ಕೆಂಪಿನವನು.

ನೀಲಿ ಕಂಡರೆ ಅಧಿಕಾರದಲ್ಲಿದ್ದ ಪಕ್ಷದವರು ಕುರ್ಚಿ ಹಾಕಿ ಚಹಾ ತರಿಸುತ್ತಿದ್ದರು. ಅದೇ ಜನ ಕೆಂಪು ಕಂಡರೆ, ಮಾರಿಕೊಂಡವರು ಬಂದರು ಎಂದು ಮೊಣಕೈಯಿಂದ ತಿವಿಯುತ್ತಿದ್ದರು. ಎದುರಿನ ಪಕ್ಷದಲ್ಲಿ ಇದರ ತಿರುವು ಮುರುವು. ಬೆಳಿಗ್ಗೆ ಹಾರ, ಮಧ್ಯಾಹ್ನ ಬೈಗುಳ. ಒಳಗಿದ್ದ ನಾನು ಎರಡೂ ಹೊತ್ತು ನಾನೇ ಆಗಿದ್ದೆ. ನೆಮ್ಮದಿ ಅಂತೂ ಇರಲಿಲ್ಲ. ಚೀಲದಲ್ಲಿ ಬಿದ್ದಿದ್ದಾಗಲೂ ಯಾವ ಡಬ್ಬಿ ಬಂದೀತೋ ಎಂಬ ತಳಮಳ.

ಹಳೇ ಬಸ್ ನಿಲ್ದಾಣದ ಎದುರು ಕಾಶವ್ವನ ಗಿರ್ಮಿಟ್ ಗಾಡಿ. ಕಾಶವ್ವನ ಮಾತಿಗೆ ಆ ಓಣಿಯಲ್ಲಿ ತೂಕವಿತ್ತು. ಹೆಣ್ಣುಮಕ್ಕಳ ಸಂಘದಲ್ಲಿ ಜಗಳ ಬಂದರೆ, ಕಾಶವ್ವ ಹೇಳಿದ್ದಕ್ಕೆ ಇಬ್ಬರೂ ಒಪ್ಪುತ್ತಿದ್ದರು. ಮುಂದಿನ ಅಧ್ಯಕ್ಷೆ ಅವಳೇ ಎಂದು ಮಾತಾಗಿತ್ತು. ನಗರಸಭೆ ಚುನಾವಣೆ ಬಂದಾಗ ಫಕ್ಕೀರೇಶ ನನ್ನನ್ನು ಅವಳ ಮುಂದೆ ಹಿಡಿದ. ಆಗ ಕೊರಳಲ್ಲಿ ನೀಲಿ ಇತ್ತು.

"ರಸ್ತಾ ಮಾಡ್ಯಾರ, ಸುಳ್ಳು ಹೇಳಬಾರ್ದು. ಆದ್ರ ನಳಕ್ಕ ನೀರು ಇವ್ರೂ ಬಿಡ್ಲಿಲ್ಲ, ಹಿಂದಿನವ್ರೂ ಬಿಡ್ಲಿಲ್ಲ," ಎಂದಳು ಕಾಶವ್ವ, ಮಂಡಕ್ಕಿಗೆ ಉಳ್ಳಾಗಡ್ಡಿ ಕಲಸುತ್ತಲೇ.

ಫಕ್ಕೀರೇಶ ಬೆನ್ನು ತಿರುಗಿಸಿ ಡಬ್ಬಿ ಬದಲಿಸಿದ. ಯಕ್ಕಾ, ಇನ್ನೊಮ್ಮೆ ಹೇಳಿಬಿಡು ಎಂದ. ಅವನ ಪದ್ಧತಿಯೇ ಅದು. ಎಲ್ಲರಿಂದಲೂ ಎರಡೆರಡು ಸಲ ಹೇಳಿಸುತ್ತಿದ್ದ. ಕಾಶವ್ವ ಅಕ್ಷರ ತಪ್ಪದೆ ಅದನ್ನೇ ಹೇಳಿದಳು.

ಸಂಜೆ ನೀಲಿಯಲ್ಲಿ ಕಾಶವ್ವ, "ರಸ್ತಾ ಮಾಡ್ಯಾರ, ಸುಳ್ಳು ಹೇಳಬಾರ್ದು" ಎಂದಳು. ಕೆಂಪಿನಲ್ಲಿ ಅದೇ ಕಾಶವ್ವ, "ನಳಕ್ಕ ನೀರು ಇವ್ರೂ ಬಿಡ್ಲಿಲ್ಲ" ಎಂದಳು. ಉಳಿದದ್ದನ್ನು ಚಾನೆಲ್ಲುಗಳ ಬೆಂಗಳೂರು ಕಚೇರಿಗಳಲ್ಲಿ ಕತ್ತರಿಸಿದ್ದರು. ಅದೇ ಸೀರೆ, ಅದೇ ಗಾಡಿ, ಕೈಯಲ್ಲಿ ಅದೇ ಮಂಡಕ್ಕಿ. ನಿಲ್ದಾಣದ ಜನ ಎರಡು ಫೋನು ಪಕ್ಕಪಕ್ಕ ಹಿಡಿದು ನೋಡಿದರು. ಚಾನೆಲ್ಲುಗಳನ್ನು ಯಾರೂ ಬೈಯಲಿಲ್ಲ. ಅವು ಹಾಗೇ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ. ಬೈದದ್ದು ಕಾಶವ್ವನನ್ನು. ಎರಡು ನಾಲಿಗೆಯವಳು, ಎರಡೂ ಕಡೆ ತಿಂದಿದ್ದಾಳೆ ಎಂದರು. ಆಟೋದವರು ಬೇರೆ ಗಾಡಿಗೆ ಹೋದರು. ಸಂಘದವರು ಬೇರೊಬ್ಬಳನ್ನು ಅಧ್ಯಕ್ಷೆ ಮಾಡಿದರು.

ಕಾಶವ್ವ ಜಗಳಕ್ಕೆ ಬರಲಿಲ್ಲ. ಹೇಳಿದ್ದನ್ನು ಪೂರ್ತಿ ಒಮ್ಮೆ ತೋರಿಸಿಬಿಡು, ಸಾಕು ಎಂದು ಫಕ್ಕೀರೇಶನನ್ನು ಕೇಳಿಕೊಂಡಳು. ಅವನು ಬೆಂಗಳೂರಿನ ಎರಡೂ ಕಚೇರಿಗೆ ಫೋನು ಮಾಡಿದ. ಬರವಣಿಗೆಯಲ್ಲಿ ಕಳಿಸಿ, ನೋಡೋಣ ಎಂದರು ಅಲ್ಲಿಯವರು. ಬರೆದ. ಆದರೆ ಅವಳು ಎರಡು ಸಲ ಹೇಳಿದ್ದು ಯಾಕೆ ಎಂದು ತಿಳಿಸಬೇಕಾದರೆ, ಎರಡು ಡಬ್ಬಿಗಳ ವಿಷಯವನ್ನೂ ಬರೆಯಬೇಕಾಯಿತು. ಕಳಿಸಿದರೆ ಎರಡೂ ಚಾನೆಲ್ಲಿನ ಕೆಲಸ ಹೋದಂತೆಯೇ.

ಪತ್ರ ಅಂಚೆಗೆ ಬೀಳದೆ ನನ್ನ ಚೀಲ ಸೇರಿತು. ನಾನು ಹೋದಲ್ಲೆಲ್ಲ ಅದೂ ಬಂತು. ಪ್ರಚಾರಸಭೆ, ಮತ ಎಣಿಕೆ, ಗೆದ್ದವರ ಮೆರವಣಿಗೆ. ಮಗ್ಗುಲು ಬದಲಿಸಿದಾಗೆಲ್ಲ ಅದು ಸರಸರ ಎನ್ನುತ್ತಿತ್ತು. ಅಂಚೆ ಕಚೇರಿ ಬಂದಾಗೊಮ್ಮೆ ಬೈಕು ನಿಧಾನವಾಗುತ್ತಿತ್ತು, ಮತ್ತೆ ಓಡುತ್ತಿತ್ತು. ಮನೆಯಲ್ಲಿ ಅವನು ತುತ್ತು ಎತ್ತಿದವನು ಹಾಗೇ ಕೂತುಬಿಡುತ್ತಿದ್ದ. ಒಂದು ದಿನ ಅನಸೂಯಾ ಪತ್ರ ಓದಿ, ಮಡಿಚಿ ಅಲ್ಲೇ ಇಟ್ಟಳು. ಮನೆ ನಡೆಸಲು ತಾನು ಹೊಲಿಗೆ ಮಷೀನು ತುಳಿದೇನು ಎಂದಷ್ಟೇ ಹೇಳಿದಳು.

ಆಗ ನನಗೂ ಮುಪ್ಪು ಬಂದಿತ್ತು. ಜಾಳಿಗೆ ಒಂದು ಕಡೆ ಒಳಗೆ ತಗ್ಗಿತ್ತು, ಚಾಲೂ ಮಾಡುವ ಗುಂಡಿಗೆ ಫಕ್ಕೀರೇಶ ಟೇಪು ಸುತ್ತಿದ್ದ. ಬೇರೆ ವರದಿಗಾರರು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ತಂದುಕೊಂಡಿದ್ದರು. ಸ್ಪಂಜು ತೊಳೆದ ಆ ದಿನ ಫಕ್ಕೀರೇಶ ನೀರಿನ ತೊಂದರೆಯ ಸುದ್ದಿಗೆ ಹಳೇ ನಿಲ್ದಾಣಕ್ಕೆ ಹೋದ. ಯಾರೂ ಬಾಯಿ ಬಿಡಲಿಲ್ಲ. ಮುದುಕ ಆಟೋದವನೊಬ್ಬ, ತಮ್ಮಾ, ನಮ್ಮನ್ನೂ ಕಾಶವ್ವನ್ನ ಮಾಡಾಕ ಬಂದಿಯೇನು ಎಂದು ಕೇಳಿದ. ಸುತ್ತಲಿನವರು ನಕ್ಕರು.

ಗಾಡಿಯ ಹಿಂದಿದ್ದ ಕಾಶವ್ವ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಆ ಡಬ್ಬಿ ತಗಿ. ಬರೇ ಮೈಕ್ ಹಿಡಿ," ಎಂದಳು.

ಅವನು ತೆಗೆದ. ಎಷ್ಟೋ ವರ್ಷಗಳ ಮೇಲೆ, ಮಾತು ಕೇಳುವ ಹೊತ್ತಿನಲ್ಲಿ, ನನ್ನ ಕೊರಳಿಗೆ ಗಾಳಿ ತಾಗಿತು.

"ರಸ್ತಾ ಮಾಡ್ಯಾರ. ನೀರು ಯಾರೂ ಕೊಟ್ಟಿಲ್ಲ. ಅವತ್ತೂ ಇದನ್ನ ಹೇಳೀನಿ, ಇವತ್ತೂ ಇದನ್ನ ಹೇಳ್ತೀನಿ. ನೀ ನಾಳೆ ಬಂದ್ರೂ ಇದನ್ನ ಹೇಳ್ತೀನಿ, ತಮ್ಮಾ. ನೀ ಯಾವಾಗ ಹೇಳ್ತಿ?"

ಕ್ಯಾಮೆರಾ ಚಾಲೂ ಇರಲಿಲ್ಲ. ಆ ಮಾತು ಎಲ್ಲಿಗೂ ಹೋಗಲಿಲ್ಲ, ನನ್ನಲ್ಲೇ ಉಳಿಯಿತು. ಆಡಿದವರ ಮಾತು ನಡುವೆ ತುಂಡಾಗದೆ ತಲುಪುವುದು ಎಷ್ಟು ಅಪರೂಪವೆಂದು ನನಗೆ ಆಗ ತಿಳಿಯಿತು.

ಫಕ್ಕೀರೇಶ ನನ್ನನ್ನು ಕೈಯಲ್ಲೇ ಹಿಡಿದುಕೊಂಡು ಅಂಚೆ ಕಚೇರಿಗೆ ನಡೆದ. ಬೈಕು ನಿಲ್ದಾಣದಲ್ಲೇ ಉಳಿಯಿತು. ಪತ್ರದ ಎರಡು ಪ್ರತಿ ಮೊದಲೇ ಮಾಡಿಸಿದ್ದ, ಚುನಾವಣೆಯ ಹೊತ್ತಿಗೆ ಕಾಶವ್ವ ಆಡಿದ್ದು ಪೂರ್ತಿ ಇರುವ ಎರಡು ಪೆನ್‌ಡ್ರೈವ್ ಸಹ ಚೀಲದಲ್ಲಿದ್ದವು. ಒಂದೊಂದನ್ನು ಒಂದೊಂದು ಚಾನೆಲ್ಲಿನ ವಿಳಾಸದ ಲಕೋಟೆಯಲ್ಲಿ ಹಾಕಿ, ಅಂಟಿಸಿ ಕಿಟಕಿಯೊಳಗೆ ಸರಿಸಿದ.

ಕಿಟಕಿಯ ಹಿಂದಿನ ಗುಮಾಸ್ತೆ ಅವನ ಗುರುತಿನವಳೇ. ಲಕೋಟೆ ತಿರುಗಿಸಿ ನೋಡಿ, "ಕಳಿಸಿದವರ ವಿಳಾಸದಾಗ ಚಾನೆಲ್ ಬರದಿಲ್ಲಲ್ರೀ. ಈಗ ಯಾವುದು ನಿಮ್ದು?" ಎಂದು ಕೇಳಿದಳು.

"ಇವು ಮುಟ್ಟಿದ ಮ್ಯಾಲೆ ಯಾವುದೂ ಇರಂಗಿಲ್ರಿ," ಎಂದ ಫಕ್ಕೀರೇಶ. "ಬರೇ ಹೆಸರು ಇರ್ಲಿ."

ಅವಳು ಎರಡೂ ಲಕೋಟೆಗಳ ಮೇಲೆ ಠಸ್ಸೆ ಒತ್ತಿ, ಹಿಂದಿದ್ದ ಗೋಣಿಚೀಲಕ್ಕೆ ಹಾಕಿದಳು.